ದೊಡ್ಡ ಸಮಾಧಾನದ ಮೈದಾನಕ್ಕೆ ನಮ್ಮಮ್ಮ ಬರುವುದಿಲ್ಲ

ಸಮಾಧಾನ ಖಾತೆಯ ಮಾನ್ಯ ಸಚಿವರೇ,

ನಿಮ್ಮ ಸುತ್ತೋಲೆ ತಲುಪಿತು. ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಮೊರೊನಾವೈ ಹಳ್ಳಿಯ ಉಪದೇಶಿಗಳು ಅದನ್ನು ಚರ್ಚಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ನಮ್ಮ ಬೂಗನ್‌ವಿಲ್ ದ್ವೀಪದ ಬಾವುಟ ಸ್ವತಂತ್ರ ದೇಶದ ಬಾವುಟವಾಗಿ ಏರುವ ಮೊದಲು, ಯುದ್ಧಕಾಲದ ಎಲ್ಲ ಹಗೆಗಳನ್ನೂ ಅರಾವಾ ಪಟ್ಟಣದ ಮೈದಾನದಲ್ಲಿ ಒಂದೇ ದಿನ, ಒಂದೇ ಬಾಣ ಮುರಿದು ಮುಗಿಸಲು ತಾವು ನಿರ್ಧರಿಸಿದ್ದೀರಂತೆ. ಸತ್ತವರ ಮನೆಯಿಂದ ಒಬ್ಬೊಬ್ಬರು ಬಂದು ನಿಲ್ಲತಕ್ಕದ್ದು, ಹಳೆಯ ವಿವರ ಕೆದಕತಕ್ಕದ್ದಲ್ಲ, ಲಾರಿಯ ವ್ಯವಸ್ಥೆಯೂ ಊಟದ ವ್ಯವಸ್ಥೆಯೂ ಇದೆ. ಬಹಳ ಸಂತೋಷ. ಆದರೆ ನಮ್ಮ ಮನೆಯಿಂದ ಯಾರೂ ಬರುವುದಿಲ್ಲ. ನನ್ನ ಅಣ್ಣ ಬ್ಲೇಸಿಯುಸನನ್ನು ಎಲ್ಲಿ ಹೂತಿದ್ದೀರೆಂದು ನೀವು ಇನ್ನೂ ಹೇಳಿಲ್ಲ. ಬಾಣ ಮುರಿದು ಕಲ್ಲಿನ ಕೆಳಗೆ ಇಟ್ಟ ಮೇಲೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ, ಅದು ಹಿರಿಯರ ಕಟ್ಟಳೆ. ನಾವು ಬಂದು ನಿಂತೆವೆಂದರೆ ಬಾಣದ ಜೊತೆ ನಮ್ಮ ಪ್ರಶ್ನೆಯೂ ಕಲ್ಲಿನ ಕೆಳಗೆ ಹೋಯಿತು. ಇದು ನನಗೆ ಗೊತ್ತು. ನಿಮಗೆ ಗೊತ್ತಿಲ್ಲವೇ?

ನಿಮ್ಮ ಬದುಕನ್ನು ನಾನು ಬಹಳ ಕಾಲದಿಂದ ನೋಡಿಕೊಂಡು ಬಂದವಳು. ನಾನು ಮಿಶನ್ ಶಾಲೆಯಲ್ಲಿ ಅಕ್ಷರ ತಿದ್ದುವಾಗ ನೀವು ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದಿರಿ. ರಜೆಗೆ ಬಂದಾಗ ಮಕ್ಕಳಿಗೆಲ್ಲ ಜಪಸರ ಹಿಡಿಯುವುದನ್ನು ಕಲಿಸಿದವರು ನೀವೇ. ತಾಮ್ರದ ಗಣಿಗೆ ಬೀಗ ಬಿದ್ದು ಬಂದೂಕು ಮಾತಾಡತೊಡಗಿದಾಗ ನಿಲುವಂಗಿ ಬಿಚ್ಚಿಟ್ಟು ಕಾಡು ಸೇರಿ ಕಮಾಂಡರ್ ಆದಿರಿ. ಶಾಂತಿ ಬಂದಾಗ ಬಂದೂಕನ್ನು ಪೆಟ್ಟಿಗೆಗೆ ಹಾಕಿದ ಮೊದಲಿಗರೂ ನೀವೇ, ಪೇಪರಿನಲ್ಲಿ ಚಿತ್ರ ಬಂದಿತ್ತು. ಆಮೇಲೆ ಬುಕಾದಲ್ಲಿರುವ ನಮ್ಮ ಶಾಸನಸಭೆಗೆ ಸದಸ್ಯ, ಆಮೇಲೆ ಹಣಕಾಸು ಮಂತ್ರಿ, ಆಮೇಲೆ ಅವಿಶ್ವಾಸ ಮತ. ಕುರ್ಚಿ ಹೋದಾಗ ‘ಬುಕಾದಲ್ಲಿ ಕೂತವರೆಲ್ಲ ಮೊರೆಸ್ಬಿಯ ಬಾಲಗಳು’ ಎಂದು ಬೈದಿರಿ. ಮರುವರ್ಷ, ಕಡಲಾಚೆಯಿಂದ ನಮ್ಮನ್ನಾಳುವ ಅದೇ ಮೊರೆಸ್ಬಿ ರಾಜಧಾನಿಯ ಪಾರ್ಲಿಮೆಂಟಿಗೆ ಟೈ ಕಟ್ಟಿಕೊಂಡು ಹೋದಿರಿ. ಅಲ್ಲಿ ಸೋತು, ಯಾವುದೋ ಮೊಕದ್ದಮೆಯಲ್ಲಿ ಜೈಲೂ ಕಂಡು, ಗಡ್ಡ ಬಿಟ್ಟುಕೊಂಡು ಊರಿಗೆ ಬಂದಿರಿ. ಸ್ವಾತಂತ್ರ್ಯ ಬೇಕೇ ಎಂದು ಜನಮತಗಣನೆ ನಡೆದ ವರ್ಷ ಅದೇ ಗಡ್ಡಕ್ಕೆ ‘ಸ್ವಾತಂತ್ರ್ಯದ ಸಿಂಹ’ ಎಂಬ ಹೆಸರು ಬಂತು. ಈಗ ಗಡ್ಡ ಬೋಳಿಸಿದ್ದೀರಿ, ಸಮಾಧಾನದ ಮಂತ್ರಿಯಾಗಿದ್ದೀರಿ. ನಿಮ್ಮ ಏಳುಬೀಳು ನೋಡಿ ನೋಡಿ ನಮ್ಮ ಕುತ್ತಿಗೆ ನೋಯುತ್ತಿದೆ ಮಾನ್ಯರೇ. ಹಾಗೆಂದು ಇವುಗಳಲ್ಲಿ ಯಾವುದಕ್ಕೂ ನಾನು ನಿಮ್ಮನ್ನು ದೂರುವುದಿಲ್ಲ. ಮನುಷ್ಯ ಬೀಳುತ್ತಾನೆ, ಎದ್ದವನನ್ನು ದೇವರು ಮತ್ತೆ ದೂಡುವುದಿಲ್ಲ. ಆದರೆ ಪ್ರತಿ ಸಲ ಏಳುವಾಗಲೂ ನೀವು ಊರಿಕೊಂಡ ಕೋಲು ನನ್ನ ಅಣ್ಣ. ನನ್ನ ದೂರು ಅಷ್ಟೇ.

ಮೊರೆಸ್ಬಿಯ ಸೈನ್ಯ ಕಡಲಿಗೆಲ್ಲ ದಿಗ್ಬಂಧನ ಹಾಕಿದ್ದ ಕಾಲ ಅದು. ಉಪ್ಪಿಗೆ ಕಡಲ ನೀರು ಕಾಯಿಸುತ್ತಿದ್ದೆವು, ದೀಪಕ್ಕೆ ತೆಂಗಿನೆಣ್ಣೆ ಇತ್ತು, ಜ್ವರಕ್ಕೆ ಮಾತ್ರ ಏನೂ ಇರಲಿಲ್ಲ. ಅಮ್ಮ ಮಲೇರಿಯಾದಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ ಬ್ಲೇಸಿಯುಸ್ ಬೆಟ್ಟವಿಳಿದು ಕರಾವಳಿಯಲ್ಲಿದ್ದ ಸೈನ್ಯದ ಶಿಬಿರದಿಂದ ಮಾತ್ರೆ ತಂದ. ಅಮ್ಮ ಬದುಕಿದಳು. ಸೈನ್ಯದಿಂದ ಮಾತ್ರೆ ತಂದವನು ಸೈನ್ಯಕ್ಕೆ ಸುದ್ದಿ ಕೊಟ್ಟಿರಲೇಬೇಕು ಎಂಬುದು ನಿಮ್ಮ ಕಾಡಿನ ನ್ಯಾಯ. ನಿಮ್ಮವರು ಬಂದಾಗ ಅಣ್ಣ ಸಾಗೋ ತಾಳೆಯ ಗರಿ ಹಿಡಿದು ಮನೆಯ ಮಾಡು ಹೊಚ್ಚುತ್ತಿದ್ದ.

“ಕಮಾಂಡರ್ ಕರೀತಿದಾರೆ. ಒಂದ್ ಮಾತು ಕೇಳ್ಬೇಕಂತೆ.”

“ಬಂದೆ ಇರ್ರಪ್ಪ. ಅಮ್ಮಾ, ಮಳೆ ಬಂದ್ರೆ ಈ ಕಡೆ ಮಲಕ್ಕೊಳ್ಳಿ. ಆ ಅರ್ಧ ಬಂದು ಹೊಚ್ತೀನಿ.”

ಆ ಅರ್ಧವನ್ನು ನಾನೂ ಅಮ್ಮನೂ ಹೊಚ್ಚಿದೆವು.

ನಮ್ಮಲ್ಲಿ ಹಗೆ ಮುಗಿಯುವುದು ಎರಡು ಹಂತದಲ್ಲಿ. ಮೊದಲು ತಪ್ಪು ಮಾಡಿದವನು ಹಂದಿ, ತೆಂಗಿನಕಾಯಿ, ಅಡಿಕೆ ತಂದು ನೊಂದವರ ಹೊಟ್ಟೆ ತಣಿಸುತ್ತಾನೆ. ಅದೇ ಸಮಾಧಾನವಲ್ಲ, ಸಮಾಧಾನಕ್ಕೆ ಬಾಗಿಲು. ಅವನ ಅಡಿಕೆ ಜಗಿದವರು ದೊಡ್ಡ ದಿನದವರೆಗೆ ಆ ತಪ್ಪನ್ನು ಬೀದಿಯಲ್ಲಿ ಆಡಬಾರದು. ದೊಡ್ಡ ದಿನ ಬಂದಾಗ ಅವನು ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಆಮೇಲೆ ಬಾಣ. ಮಾತು ಕೊಟ್ಟ ಕಾಲಕ್ಕೆ ಆ ದಿನ ಬಾರದಿದ್ದರೆ ಅಡಿಕೆಯ ಕಟ್ಟು ಸಡಿಲುತ್ತದೆ, ನೊಂದವರ ಬಾಯಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಚೆಂದದ ಪದ್ಧತಿಯಲ್ಲಿ ನೀವು ಕಂಡುಕೊಂಡದ್ದೇನು? ಬಾಗಿಲಲ್ಲೇ ಸಂಸಾರ ಹೂಡಬಹುದು ಎಂಬುದನ್ನು. ಕಟ್ಟು ಸಡಿಲಿದಾಗಲೆಲ್ಲ ಹೊಸ ಹಂದಿ, ಹೊಸ ಅಡಿಕೆ. ಸಡಿಲುವ ಕಾಲಕ್ಕೂ ಚುನಾವಣೆಯ ಕಾಲಕ್ಕೂ ಅದೇನು ನಂಟೋ, ಎರಡೂ ಒಟ್ಟಿಗೇ ಬರುತ್ತವೆ.

ಮೊದಲ ಸಲ ಬಂದಾಗ ನೀವು ಅತ್ತಿರಿ. ನಿಜವಾಗಿಯೂ ಅತ್ತಿರಿ, ಅದನ್ನು ಅಲ್ಲಗಳೆದರೆ ನನಗೆ ಪಾಪ ಬರುತ್ತದೆ. ಮಂಡಿಯೂರಿ ಅಮ್ಮನ ಅಂಗೈಯಲ್ಲಿ ಅಡಿಕೆ ಇಟ್ಟು, “ಅಮ್ಮಾ, ಅವನನ್ನ ನಾಯಿ ಥರ ಬಿಸಾಕಿಲ್ಲ. ನಾನೇ ಪ್ರಾರ್ಥನೆ ಹೇಳಿ ಮಣ್ಣು ಹಾಕಿದೀನಿ. ಒಳ್ಳೇ ಮರದ ಕೆಳಗೆ ಮಲಗಿದಾನೆ” ಅಂದಿರಿ. ಯಾವ ಮರ, ಮಾನ್ಯರೇ? ಈ ದ್ವೀಪದಲ್ಲಿ ಮರಕ್ಕೇನು ಬರವೇ? ಅಂದಿನಿಂದ ಅಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ದೊಡ್ಡ ಮರ ಕಂಡಲ್ಲೆಲ್ಲ ಗೆಣಸಿನ ಚೀಲ ಇಳಿಸಿ, ನಿಂತು, ಶಿಲುಬೆಯ ಗುರುತು ಹಾಕಿ ಮುಂದೆ ಹೋಗುತ್ತಿದ್ದಳು. ಎರಡನೇ ಸಲವೂ ಅವಳ ಕೈಗೇ ಕೊಟ್ಟಿರಿ, “ಇನ್ನು ತಡ ಇಲ್ಲ ಅಮ್ಮ” ಅಂದಿರಿ. ಅವಳು ನಂಬಿದಳು. ಅವಳ ಜೊತೆ ನಾವೂ ಬಾಯಿ ಮುಚ್ಚಿಕೊಂಡೆವು.

ಹೋದ ವರ್ಷ ಮಂತ್ರಿಯಾದ ಹೊಸತರಲ್ಲಿ ಮೂರನೇ ಸಲ ಬಂದಿರಿ. ಬಿಳಿ ಗಾಡಿಯಿಂದ ಹಂದಿ ಇಳಿಸುವಾಗ ನನ್ನ ಚಿಕ್ಕಮ್ಮನ ಮಗಳು ಪರ್ಪೆತುವಾ ನನ್ನ ಕಿವಿಯಲ್ಲಿ, “ಅಕ್ಕಾ, ಹೋದ್ಸಲದ್ದು ಇದರ ಎರಡರಷ್ಟಿತ್ತು ಕಣೇ. ಆಗ ಹಣಕಾಸು ಖಾತೆ. ಈಗ ಪಾಪ, ಬರೀ ಸಮಾಧಾನ” ಅಂದಳು. ನಾನು ಜಪಸರ ಹಿಡಿದುಕೊಂಡೇ ನಕ್ಕುಬಿಟ್ಟೆ. ನೀವು ನೇರವಾಗಿ ಅಮ್ಮನ ತಮ್ಮ, ನಮ್ಮ ಕುಲದ ಮುಖಂಡ ಅಲೋಯಿಸ್ ಮಾಮನ ಬಳಿ ಹೋಗಿ ಅವನ ಕೈಗೆ ಅಡಿಕೆ ಕೊಟ್ಟಿರಿ. ಫೋಟೋದವನು “ಇನ್ನೊಂದ್ಸಲ ಕೈ ಕುಲುಕಿ ಸಾರ್, ಈ ಕಡೆ ನೋಡಿ” ಅಂದ. ಕುಲುಕಿದಿರಿ. ಮಾಮ ಜಗಿದ, ಗಂಡಸರೆಲ್ಲ ಜಗಿದರು. ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದ ಅಮ್ಮನಿಗೆ ಹೋಗುವಾಗ ನಿಮ್ಮದೊಂದು ನಗು ಸಿಕ್ಕಿತು.

“ಚೆನ್ನಾಗಿದೀರಾ ಅಮ್ಮ?”

“ಇದೀನಪ್ಪ. ಮಗನ್ನ ಎಲ್ಲಿಟ್ಟಿದೀಯ?”

“ಅದೆಲ್ಲ ದೊಡ್ಡ ದಿನ ಆಗುತ್ತಮ್ಮ. ಸಮಿತಿ ಮಾಡಿದೀವಿ.”

“ಸಮಿತಿಗೆ ಗೊತ್ತಾ ಆ ಮರ?”

ನೀವು ಗಡಿಯಾರ ನೋಡಿಕೊಂಡಿರಿ.

ನಿಮ್ಮ ಗಾಡಿಯ ಧೂಳು ಇಳಿದ ಮೇಲೆ ಮಾಮ ಬಂದು, “ಏನಕ್ಕಾ, ಹೊಟ್ಟೆ ತಣ್ಣಗಾಯ್ತಾ?” ಅಂದ. ಅಮ್ಮ, “ನಿಂಗೆ ಆಗಿದ್ರೆ ಸರಿ ಕಣೋ. ನಂಗೆ ಅಡಿಕೆ ಕೊಟ್ಟೋರು ಯಾರು?” ಅಂದಳು. ಮಾಮನ ದವಡೆ ಅಲ್ಲೇ ನಿಂತಿತು. ಕೆಂಪು ಉಗುಳನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕೋಳಿಯ ಹಾಗೆ ನೋಡಿದ.

ನಮ್ಮಲ್ಲಿ ನೆಲ ತಾಯಿಯದು, ಕುಲ ತಾಯಿಯದು, ಸತ್ತ ಮಗನೂ ತಾಯಿಯವನೇ. ಮುಖಂಡನೆಂದರೆ ಅವಳ ಬಾಯಿ ಮಾತ್ರ. ಅವಳ ಅಂಗೈಗೆ ಬೀಳದ ಅಡಿಕೆ ಬರೀ ಅಡಿಕೆ. ಇದನ್ನು ಈ ದ್ವೀಪದಲ್ಲಿ ಹುಟ್ಟಿದ ಹೆಣ್ಣುಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕ್ಯಾಮೆರಾ ಇದ್ದ ಕಡೆಗೆ ತಿರುಗಿ ತಿರುಗಿ ಅಭ್ಯಾಸವಾದ ಮಂತ್ರಿಗಳಿಗೆ ಹೇಳಿಕೊಡಬೇಕಾಗುತ್ತದೆ. ಆದ್ದರಿಂದ ನಮ್ಮ ಮನೆಯ ಮಟ್ಟಿಗೆ ನಿಮ್ಮ ಮೂರನೆಯ ಶಾಸ್ತ್ರ ನಡೆದೇ ಇಲ್ಲ. ನಮ್ಮ ಬಾಯಿಗೆ ಕಟ್ಟಿಲ್ಲ. ಈ ಪತ್ರವನ್ನು ಪೇಪರಿಗೆ ಕೊಟ್ಟದ್ದಕ್ಕೆ ನಿಮ್ಮವರು ನನ್ನನ್ನು ಕಟ್ಟಳೆ ಮುರಿದವಳೆಂದು ಬೈಯುವ ಮೊದಲು ಅವರವರ ತಾಯಂದಿರನ್ನು ಕೇಳಿಕೊಂಡು ಬರಲಿ.

ನಿಮ್ಮ ಅವಸರ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ನಾವು ಒಗ್ಗಟ್ಟಾಗಿದ್ದೇವೆಂದು ಮೊರೆಸ್ಬಿಗೂ ಹೊರಗಿನ ದೇಶಗಳಿಗೂ ತೋರಿಸಬೇಕು. ನಾನೂ ಸ್ವಾತಂತ್ರ್ಯಕ್ಕೇ ಮತ ಹಾಕಿದವಳು. ಅಮ್ಮನನ್ನು ಮತಗಟ್ಟೆಗೆ ಬೆನ್ನ ಮೇಲೆ ಹೊತ್ತುಕೊಂಡು ಹೋದವಳು. ಆದರೆ ಮಗ ಎಲ್ಲಿದ್ದಾನೆಂದು ಹೇಳದ ಮಣ್ಣನ್ನು ನಮ್ಮ ಮಣ್ಣು ಎನ್ನುವುದು ಹೇಗೆ? ನೀವು ಸೆಮಿನರಿಯಲ್ಲಿ ಪಾಪನಿವೇದನೆಯ ಪಾಠ ಕಲಿತವರು. ಸಾವಿರ ಜನರ ಪಾಪವನ್ನು ಒಂದೇ ಮೈಕಿನಲ್ಲಿ, ವಿವರ ಕೆದಕದೆ ನಿವೇದಿಸಬಹುದೆಂದು ಯಾವ ಗುರುಗಳು ಹೇಳಿಕೊಟ್ಟರು? ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಕೋಳಿಮೊಟ್ಟೆ ಕದ್ದ ಹುಡುಗಿಯೂ ಯಾರ ಗೂಡಿನಿಂದ ಎಂದು ಹೇಳಿಯೇ ಕ್ಷಮೆ ಪಡೆಯುತ್ತಾಳೆ.

ಅಮ್ಮ ಈಗ ಎದ್ದು ಕೂರುವುದಿಲ್ಲ. ಫಾದರ್ ಬಂದು ಅಂತ್ಯಕಾಲದ ಎಣ್ಣೆ ಹಚ್ಚಿ ಹೋಗಿದ್ದಾರೆ. ಅವಳ ತಾಯಿಯ ಸಮಾಧಿಯ ಪಕ್ಕ ಎರಡು ಜಾಗ ಸವರಿಸಿ ಇಟ್ಟಿದ್ದಾಳೆ. ಮೊನ್ನೆ ಕೆಸವಿನ ಗಂಜಿ ಕುಡಿಸುವಾಗ, “ಅವನು ಮೊದ್ಲು ಬಂದ್ರೆ ಗೋಡೆ ಕಡೆ ಅವನ್ನ ಮಲಗ್ಸು. ಚಿಕ್ಕೋನಿದ್ದಾಗ ಉರುಳಿ ಬೀಳ್ತಿದ್ದ” ಅಂದಳು. ಅಲ್ಲಿ ಗೋಡೆ ಇಲ್ಲ ಎಂದು ನಾನು ಹೇಳಲಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಆ ದೊಡ್ಡ ದಿನಕ್ಕೆ ಮೊದಲು ನೀವು ಮೊರೊನಾವೈಗೆ ಬರಬೇಕು. ಹಂದಿ ಬೇಡ, ಫೋಟೋದವನು ಬೇಡ. ಅಮ್ಮನ ಚಾಪೆಯ ಬಳಿ ಕೂತು ಯಾವ ಬೆಟ್ಟ, ಯಾವ ಹೊಳೆ, ಯಾವ ಮರ ಎಂದು ಅವಳ ಕಿವಿಗೆ ಕೇಳುವ ಹಾಗೆ ಹೇಳಬೇಕು. ಗುಂಡು ಹಾರಿಸಿದ್ದು ಯಾರು, ಹಾರಿಸು ಎಂದದ್ದು ಯಾರು ಎಂದು ನಾವು ಕೇಳುವುದಿಲ್ಲ. ಆ ವಿಚಾರಣೆ ದೇವರದು, ಅವನ ಕೆಲಸಕ್ಕೆ ನಾನು ಕೈಹಾಕುವವಳಲ್ಲ. ಬರಲು ಮುಖವಿಲ್ಲದಿದ್ದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಿ, ಗುದ್ದಲಿ ಹಿಡಿದು ನಾವೇ ಹೋಗುತ್ತೇವೆ. ಅಷ್ಟಾದರೆ ಅಲೋಯಿಸ್ ಮಾಮನನ್ನೂ ಇಡೀ ಕುಲವನ್ನೂ ನಿಮ್ಮ ಮೈದಾನಕ್ಕೆ ನಾನೇ ಕರೆತರುತ್ತೇನೆ, ನಿಮ್ಮ ಲಾರಿಯೂ ಬೇಡ. ಆಗದಿದ್ದರೆ, ಅಂದು ಮೈಕಿನಲ್ಲಿ ನಮ್ಮ ಹಳ್ಳಿಯ ಹೆಸರು ಕೂಗಿದಾಗ ಯಾರೂ ಓಗೊಡುವುದಿಲ್ಲ. ಯಾಕೆ ಬರಲಿಲ್ಲವೆಂದು ಪಕ್ಕದಲ್ಲಿ ನಿಂತ ವಿದೇಶದ ಅತಿಥಿ ಕೇಳಿದರೆ, ಉತ್ತರ ಹೇಳಬೇಕಾದವರು ಆ ಮೈದಾನದಲ್ಲಿ ನೀವೊಬ್ಬರೇ.

ಇಂತಿ,
ದೇಶಕ್ಕೆ ಮತ ಹಾಕಿಯೂ ಅಣ್ಣನಿಗೊಂದು ಹಿಡಿ ಮಣ್ಣು ಹಾಕಲಾಗದೆ ಉಳಿದವಳು,
ಸ್ಕೊಲಾಸ್ಟಿಕಾ ನಾಮಿರೊ
ಮೊರೊನಾವೈ