ನೋಯದ ಕಾಲನ್ನು ನೋಡುವವರಾರು?

ರೋಗಿಯ ನಾಲಿಗೆಯವರೆಗೆ ಮಾತ್ರ ಕಣ್ಣು ಹಾಯಿಸುವ ಇಲಾಖೆಯ ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

ಸಿಹಿಮೂತ್ರ ರೋಗಕ್ಕೆ ತಮ್ಮ ಆಸ್ಪತ್ರೆಯಲ್ಲಿ ಎರಡು ವರ್ಷ ಔಷಧಿ ತೆಗೆದುಕೊಂಡ ನನ್ನ ಹೆಂಡತಿ ಕದಿರಮ್ಮನ ಪಾದವನ್ನು ಅಲ್ಲಿನ ಡಾಕ್ಟರು ಒಮ್ಮೆಯೂ ನೋಡಲಿಲ್ಲ. ಈಗ ಅವಳಿಗೆ ಮೊಣಕಾಲಿನ ಕೆಳಗೆ ಎಡಗಾಲಿಲ್ಲ. ತಮ್ಮ ಕಚೇರಿಗೆ ಬಂದು ಹೇಳಿಕೊಂಡಾಗ, "ನೋವಿದ್ದರೆ ಆಕೆಯೇ ಹೇಳಬೇಕಿತ್ತು" ಎಂದು ಅಪ್ಪಣೆ ಕೊಡಿಸಿದಿರಿ. ಅದಕ್ಕೆ ಈಗ ಪತ್ರಿಕೆಯ ಮೂಲಕ ಉತ್ತರ ಕೊಡುತ್ತಿದ್ದೇನೆ.

ನೋವೇ ಇರಲಿಲ್ಲ, ಸ್ವಾಮಿ. ಈ ರೋಗ ಮೊದಲು ಕೊಲ್ಲುವುದು ಕಾಲಿನ ನರವನ್ನು. ಸತ್ತ ನರ ಯಾರಿಗೆ ದೂರು ಹೇಳೀತು? ಸಾನಮಾವಿನ ಕಾಡಂಚಿನ ನಮ್ಮ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಜಾಲಿಮುಳ್ಳು ಅವಳ ಅಂಗಾಲಿನಲ್ಲಿ ಮುರಿದು ಉಳಿಯಿತು. ಅದರ ಮೇಲೆಯೇ ನಡೆದಾಡಿದಳು, ನೀರು ಹೊತ್ತಳು. ಕಾಲು ಜೋಮು ಹಿಡಿದಂತಿದೆ ಎಂದಾಗ ವಯಸ್ಸಾಯಿತೆಂದುಕೊಂಡೆವು. ಕೀವಿನ ವಾಸನೆ ಬಂದಾಗ ಇಲಿ ಸತ್ತಿದೆಯೆಂದು ನಾನು ಅಟ್ಟವೆಲ್ಲ ಹುಡುಕಿದೆ.

ತಮ್ಮ ಆಸ್ಪತ್ರೆಯಲ್ಲಿ ಮೂತ್ರ ಕಾಯಿಸಿ ಬಣ್ಣ ನೋಡುತ್ತಾರೆ, ಮೇಜಿನಾಚೆಯಿಂದ ನಾಲಿಗೆ ನೋಡುತ್ತಾರೆ, ಅನ್ನ ಬಿಡು ಎನ್ನುತ್ತಾರೆ. ಮೇಜಿನ ಕೆಳಗಿರುವ ದೇಹ ಇಲಾಖೆಯ ವ್ಯಾಪ್ತಿಗೆ ಸೇರುವುದಿಲ್ಲವೇನೋ! ನಮ್ಮ ಹೆಂಗಸರಾದರೋ ದೊಡ್ಡವರ ಎದುರು ಕಾಲು ಚಾಚುವವರಲ್ಲ. ಕದಿರಮ್ಮ ಪ್ರತಿಸಲವೂ ಸೀರೆಯಂಚು ಎಳೆದು ಬೆರಳುಗಳನ್ನೂ ಮುಚ್ಚಿಕೊಂಡೇ ನಿಲ್ಲುತ್ತಿದ್ದಳು. ಅವರು ಕೇಳಲಿಲ್ಲ, ಇವಳು ತೋರಿಸಲಿಲ್ಲ. ಹೀಗೆ ಇಬ್ಬರ ಮರ್ಯಾದೆಯೂ ಉಳಿದು ಕಾಲು ಕೊಳೆಯಿತು.

ಕೊನೆಗೆ ಬೆಂಗಳೂರಿಗೆ ಹೊತ್ತೊಯ್ದೆವು. ಅಲ್ಲಿನ ಮುದಿ ಡಾಕ್ಟರೊಬ್ಬರು ಅವಳ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿಸಿ, ಹತ್ತಿ ಸವರಿದರು, ಗುಂಡುಸೂಜಿ ತಾಗಿಸಿದರು. ಅವಳು ನಾಚಿಕೆಯಿಂದ ಕುಗ್ಗಿ, "ಕಾಲು ಬುಡಿ ಸ್ವಾಮಿ, ನಂಗೆ ಪಾಪ ಬತ್ತದೆ" ಎಂದಳೇ ಹೊರತು ಸೂಜಿ ತಾಗಿದ್ದು ಅವಳಿಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಕಾಲು ಉಳಿಸುವ ಹೊತ್ತು ಮೀರಿತ್ತು, ಅಲ್ಲೇ ಕತ್ತರಿಸಿದರು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ ಆ ಪರೀಕ್ಷೆ. ಯುದ್ಧದಿಂದಾಗಿ ಸೀಮೆಎಣ್ಣೆಗೆ ಅಭಾವವೆಂದರೆ ಒಪ್ಪೋಣ. ಹತ್ತಿಗೂ ಗುಂಡುಸೂಜಿಗೂ ಅಭಾವವೇ?

ಈಗ ಅವಳ ಬಲಗಾಲಿನ ಹೆಬ್ಬೆರಳೂ ಜೋಮು ಹಿಡಿಯುತ್ತಿದೆ. ನನಗೆ ಭಯವಾಗಿದೆ. ಬರುವ ಸೋಮವಾರ ಅವಳನ್ನು ಗಾಡಿಯಲ್ಲಿ ಅದೇ ಆಸ್ಪತ್ರೆಗೆ ಕರೆತರುತ್ತೇನೆ. ಸಿಹಿಮೂತ್ರದವರು ಯಾರೇ ಬರಲಿ, ಕುಳ್ಳಿರಿಸಿ, ಅಂಗಾಲು ನೋಡಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸತಕ್ಕದ್ದೆಂದು ಅಷ್ಟರೊಳಗೆ ಹುಕುಂ ಹೊರಡಿಸಿ. ಹೊರಡಿಸದಿದ್ದರೂ ನಾವು ಬರುವುದು ಖಂಡಿತ. ಕದಿರಮ್ಮ ನಿನ್ನೆಯೇ ಹೇಳಿದ್ದಾಳೆ: "ಅವ್ರು ಕೇಳ್ದಿದ್ರೆ ನಾನೇ ಮೇಜಿನ ಮ್ಯಾಲೆ ಕಾಲು ಮಡಗ್ತೀನಿ. ಬೈಕೊಂಡ್ರೆ ಬೈಕೊಳ್ಳಿ."

ಇಂತಿ,
ಗಂಡಹೆಂಡಿರ ನಾಲ್ಕು ಕಾಲುಗಳಲ್ಲಿ ಮೂರನ್ನಾದರೂ ಉಳಿಸಿಕೊಳ್ಳಲು ಹೆಣಗುತ್ತಿರುವ
ವೆಂಕಟರಮಣಪ್ಪ, ಸಾನಮಾವು