ಆರನೇ ನಂಬರ್ ಮಷೀನ್

ಬಿಳೇಕಹಳ್ಳಿ
9 ನವೆಂಬರ್ 2005, ಬುಧವಾರ

ಮಧು ಅಕ್ಕಾ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಚೆನ್ನಾಗಿಲ್ಲ ಅಂತ ಗೊತ್ತು. ಹರಿದು ಹಾಕಬೇಡ, ಪೂರ್ತಿ ಓದು. ನಿನ್ನ ಹಾಸ್ಟೆಲ್ಲಿನ ಅಡುಗೆಯ ಮರಿಯಮ್ಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಶುಕ್ರವಾರ ನೀನು ಉತ್ತರಹಳ್ಳಿಗೆ, ಆ ಗಂಡನ ಮನೆಗೆ ವಾಪಸ್ ಹೋಗುತ್ತೀಯಂತೆ. ಬಟ್ಟೆ ಕಟ್ಟಿಟ್ಟಿದ್ದೀಯಂತೆ. ಅವಳೇ ಹೇಳಿದಳು. ಹೋಗಬೇಡ.

ಹೋದ ವಾರ ನಮ್ಮ ಬ್ರೌಸಿಂಗ್ ಸೆಂಟರಿಗೆ ಬಂದಾಗ ನೀನು ಕೂರಲಿಲ್ಲ. ನಿನ್ನ ಗಂಡ ಗುರುಸಿದ್ದ ಹಾಸ್ಟೆಲ್ ಗೇಟಿಗೆ ಬಂದಿದ್ದ, ಧಾರವಾಡದ ನಿನ್ನ ತಂಗಿ ಪ್ರಿಯಾಂಕಾಗೆ ನೀನು ಮೇಲ್‌ನಲ್ಲಿ ಬರೆದಿದ್ದನ್ನೆಲ್ಲ ಸಾಲು ಬಿಡದೆ ಹೇಳಿದ ಅಂದೆ. ಫೋರ್ತ್ ಬ್ಲಾಕಿನ ಲಾಯರನ್ನು ನೋಡೋ ದಿನ ಕೂಡ ಅವನಿಗೆ ಗೊತ್ತಿತ್ತು ಅಂದೆ. ಆಮೇಲೆ ನನ್ನ ಮುಖ ನೋಡಿ, ನೀನೇ ಓದಿ ಹೇಳಿದೆಯಾ ಅಂತ ಕೇಳಿದೆ. ನನಗೆ ಉರಿದುಹೋಯಿತು. ನಿಮ್ಮ ಮನೆ ಜಗಳ ನನಗ್ಯಾಕೆ, ಇನ್ನು ಇಲ್ಲಿಗೆ ಕಾಲಿಡಬೇಡ ಅಂತ ಕಸ್ಟಮರ್‌ಗಳ ಎದುರಿಗೇ ಕಿರುಚಿದೆ. ನೀನು ತಿರುಗಿ ಬೈಯಲೂ ಇಲ್ಲ.

"ನಾ ಎಲ್ಲಿ ಹೋದ್ರೂ ಆಂವಗ ಗೊತ್ತಾಗ್ತದ, ಶ್ವೇತಾ. ಇನ್ನ ಓಡಿ ಏನ್ ಮಾಡ್ಲಿ?" ಅಂದೆ ಅಷ್ಟೆ.

ಆ ಮಾತು ನನ್ನನ್ನು ಬಿಡುತ್ತಿಲ್ಲ. ಅವನಿಗೆ ಅದು ತಾನಾಗಿ ಗೊತ್ತಾಗಲಿಲ್ಲ. ನಾನು ಗೊತ್ತುಮಾಡಿಸಿದೆ.

ಆಯುಧಪೂಜೆಯ ಹಿಂದಿನ ದಿನ. ನಮ್ಮ ದೊಡ್ಡಪ್ಪ ತಿಮ್ಮರಾಯಪ್ಪ ನಿನಗೆ ಗೊತ್ತಲ್ಲ. ಹೊಲ ಇದ್ದಾಗ ನೇಗಿಲು ತೊಳೆಯುತ್ತಿದ್ದವರು, ಈಗ ಕಂಪ್ಯೂಟರ್ ಒರೆಸು ಅನ್ನುತ್ತಾರೆ. ಎಂಟು ಮಷೀನನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಅರ್ಧ ಗಂಟೆಯಿಂದ ಬ್ರೌಸ್ ಮಾಡುತ್ತಾ ಕೂತಿದ್ದ ಒಬ್ಬ ಎದ್ದು ಬಂದು ಸಿ.ಡಿ. ಕೊಟ್ಟ.

"ಮೇಡಂ, ಹೊರಗಷ್ಟ ಒರಸಿದ್ರ ಸಾಲಂಗಿಲ್ಲರಿ. ಈ ಅಪ್‌ಡೇಟ್ ಹಾಕ್ರಿ, ಒಳಗಿನ ಧೂಳೂ ಹೋಗ್ತದ," ಅಂದ.

ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳನ್ನು ಯಾರೂ ಮೇಡಂ ಅಂದಿರಲಿಲ್ಲ ಅಕ್ಕ. ಅವನು ಯಾರು ಅಂತ ನನಗೆ ಗೊತ್ತಿರಲಿಲ್ಲ. ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೇನೋ ಬಂತು. ಯಾವ ಡಬ್ಬಿ ಬಂದರೂ ಯೆಸ್ ಒತ್ತು, ಕಸ್ಟಮರ್ ಕೆಲಸ ನಿಲ್ಲಬಾರದು ಅಂತ ದೊಡ್ಡಪ್ಪ ಹೇಳಿಕೊಟ್ಟಿದ್ದರು. ಒತ್ತಿದೆ. ಎಂಟಕ್ಕೂ ಒತ್ತಿದೆ. ಮೇಲುಗಡೆ ಗಿಳಿ ಬಣ್ಣದ ಒಂದು ಪಟ್ಟಿ ಬಂತು, ಚೆಂದ ಕಂಡಿತು. ಮಾರನೇ ದಿನ ಅದರ ಮೇಲೇ ಕುಂಕುಮ ಇಟ್ಟು, ಚೆಂಡುಹೂ ಹಾಕಿ, ಬೂದುಗುಂಬಳ ಒಡೆದೆವು.

ಮೊನ್ನೆ ಸೋಮವಾರ ಆರನೇ ನಂಬರ್ ತೀರಾ ನಿಧಾನ ಆಯಿತು. ನೀನು ಯಾವಾಗಲೂ ಕೂರುತ್ತಿದ್ದ ಮಷೀನ್. ರಿಪೇರಿ ಮಾಡುವ ಮನು ಬಂದು ಒಳಗೆಲ್ಲ ಕೆದಕಿದ. ಮೊದಲು ನನ್ನನ್ನು ರೇಗಿಸಿ ನಗುತ್ತಿದ್ದ, ಆಮೇಲೆ ಕುರ್ಚಿ ಎಳೆದುಕೊಂಡು ಸ್ಕ್ರೀನಿಗೆ ಬಗ್ಗಿದ.

"ಇದು ಅಪ್‌ಡೇಟ್ ಅಲ್ಲ ಕಣೆ. ಒತ್ತಿದ್ ಕೀನೆಲ್ಲಾ ಕದ್ದು ಬರ್ಕೊಂಡು ದಿನಾ ಯಾರಿಗೋ ಮೇಲ್ ಮಾಡ್ತಿದೆ," ಅಂದ.

ಫೈಲ್ ತೆಗೆದು ತೋರಿಸಿದ. ಇಂಗ್ಲಿಷ್ ಅಕ್ಷರದಲ್ಲಿ ನೀನು ಹೊಡೆದ ಕನ್ನಡ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದಬಾರದಿತ್ತು, ಓದಿದೆ. ಆ ಹಾಳು ಫೈಲಿನಲ್ಲಿ ನೀನು ಅಳಿಸಿದ್ದೂ ಇದೆ ಅಕ್ಕ. "ಪ್ರಿಯಾ, ಬಂದು ನನ್ನ ಕರ್ಕೊಂಡ್ ಹೋಗ" ಅಂತ ಮೂರು ಸಲ ಬರೆದು ಮೂರು ಸಲವೂ ಅಳಿಸಿದ್ದೀಯ. ಕೊನೆಗೆ ಕಳಿಸಿದ್ದು "ನಾ ಆರಾಮ ಇದ್ದೀನಿ" ಅಂತ. ನಿನ್ನ ತಂಗಿಗೆ ಮುಟ್ಟಿದ್ದು ಆರಾಮ ಒಂದೇ. ಉಳಿದಿದ್ದೆಲ್ಲ ಅವನಿಗೆ ಮುಟ್ಟಿದೆ.

ಆವತ್ತಿನಿಂದ ಯಾರು ಕೀಬೋರ್ಡ್ ಕುಟ್ಟಿದರೂ ನನಗೆ ಆ ಅಳಿಸಿದ ಸಾಲೇ ಕೇಳಿಸುತ್ತದೆ. ಖಾಲಿ ಸ್ಕ್ರೀನ್ ಕಂಡರೆ ಬಟ್ಟೆ ಮುಚ್ಚುತ್ತೇನೆ.

ನೀನು ತಿಳಿದುಕೊಂಡ ಹಾಗೆ ಅವನಿಗೆ ಯಾವ ಶಕ್ತಿಯೂ ಇಲ್ಲ. ಅವನ ಹತ್ತಿರ ಇದ್ದಿದ್ದು ಒಂದು ಸಿ.ಡಿ. ಮತ್ತು ಒಬ್ಬ ದಡ್ಡಿ. ಸಿ.ಡಿ. ಮುರಿದು ಹಾಕಿದ್ದೇನೆ, ಅವನ ಹಲ್ಲು ಮುರಿಯುವುದು ಬಾಕಿ ಇದೆ. ನಿನ್ನ ಪಾಸ್‌ವರ್ಡೂ ಅದರಲ್ಲಿದೆ, ಬೇರೆ ಕಡೆ ಹೋಗಿ ಬದಲಾಯಿಸು. ಏಳು ಮಷೀನು ಮನು ಕೈಯಲ್ಲಿ ಫಾರ್ಮ್ಯಾಟ್ ಮಾಡಿಸಿದೆ. ಆರನೆಯದರ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಸಿ ಪೇಪರ್ ಸುತ್ತಿ ಇಟ್ಟುಕೊಂಡಿದ್ದೇನೆ. ಅವನ ಮೇಲ್ ವಿಳಾಸ ಅದರಲ್ಲೇ ಇದೆ ಅಂತ ಮನು ಹೇಳಿದ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋರ್ತ್ ಬ್ಲಾಕ್ ಬಸ್‌ಸ್ಟಾಪಿನಲ್ಲಿ ಅದನ್ನು ಹಿಡಿದು ನಿಂತಿರುತ್ತೇನೆ. ಬಾ, ಲಾಯರ ಎದುರು ಎಲ್ಲಾ ಹೇಳುತ್ತೇನೆ. ದೊಡ್ಡಪ್ಪ ಕೆಲಸದಿಂದ ಓಡಿಸುತ್ತಾರೆ. ಓಡಿಸಲಿ.

ನೀನು ಬರದಿದ್ದರೂ ನಿಂತಿರುತ್ತೇನೆ.

ನಿನ್ನನ್ನು ಬೈದು ಕಳಿಸಿದ
ಶ್ವೇತ

ಮೇಲೆ ಬರೆಯಲು ಆಗದಿದ್ದದ್ದು: ಅವನು ಯಾರು ಅಂತ ಗೊತ್ತಿರಲಿಲ್ಲ ಅಂದೆನಲ್ಲ, ಅದು ಒಂದೇ ದಿನದ ನಿಜ. ಪೂಜೆಯ ದಿನ ಪುರಿ ತಿನ್ನಲು ಅವನು ಮತ್ತೆ ಬಂದಿದ್ದ. ಕೈ ಒರೆಸಲು ಕರ್ಚೀಫ್ ಎಳೆದಾಗ ಪರ್ಸ್ ಬಿತ್ತು, ಎತ್ತಿಕೊಟ್ಟವಳು ನಾನು. ಒಳಗೆ ನಿಮ್ಮ ಮದುವೆ ಫೋಟೋ ಇತ್ತು. ಸಿ.ಡಿ. ಏನು ಮಾಡುತ್ತದೆ ಅಂತ ತಿಳಿಯಲಿಲ್ಲ, ಒಳ್ಳೆಯದಕ್ಕಲ್ಲ ಅಂತ ತಿಳಿಯಿತು. ಮನುವನ್ನು ಕೇಳಿದರೆ ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಗೊತ್ತಾಗುತ್ತಿತ್ತು. ಸುಮ್ಮನಿದ್ದೆ. ಆಮೇಲೆ ನೀನು ನಾಲ್ಕು ಸಲ ಬಂದೆ. ನಾಲ್ಕು ಸಲವೂ ಆರನೇ ನಂಬರ್ ಆನ್ ಮಾಡಿ, ಕುರ್ಚಿ ಎಳೆದುಕೊಟ್ಟವಳು ನಾನೇ.