ಗಂಗೊಳ್ಳಿ ಎಂಬ ಹೋಟೆಲಿನಲ್ಲಿ

ಹುಬ್ಬಳ್ಳಿ,
ಉಪ್ಪುಶಕ ೫೮, ಹಿರಿಬಿಸಿಲು ತಿಂಗಳ ಹದಿನಾಲ್ಕು

ನಮಗಿಂತ ಹಿಂದೆ ಬದುಕಿದ ಹಿರಿಯರೇ,

ಮೇಲಿನ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ. ಕಡಲು ಕರಾವಳಿಯ ಊರುಗಳ ಮೇಲೆ ಬಂದು, ಹಿಂದಿರುಗದೆ ಅಲ್ಲೇ ನಿಂತ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ಅದಕ್ಕೇ ಉಪ್ಪುಶಕವೆಂದು ಹೆಸರು. ನಿಮ್ಮ ಎಣಿಕೆಯಲ್ಲಿ ಇದು ಇಪ್ಪತ್ತೆರಡನೆಯ ಶತಮಾನದ ಕೊನೆಯ ಭಾಗ. ನನ್ನ ಕನ್ನಡದಲ್ಲಿ ನೀವು ಕೇಳದ ಮಾತುಗಳಿವೆ, ನಿಮಗೆ ಬೇಕಾಗಿರದೆ ನಮಗೆ ಬೇಕಾದ ಮಾತುಗಳು. ಅವು ಕಿವಿಗೆ ಚುಚ್ಚಿದರೆ ಮನ್ನಿಸಬೇಕು. ಅರವತ್ತು ದಾಟಿದವರು ಒಂದು ಹಿಂಬರಹ ಬರೆಯುವುದು ನಮ್ಮಲ್ಲಿ ರೂಢಿ. ಹಿಂಬರಹವೆಂದರೆ ಕಳೆದುಹೋದ ತಲೆಮಾರಿಗೆ ಬರೆಯುವ ಪತ್ರ. ತಲುಪುವುದಿಲ್ಲವೆಂದು ಬಲ್ಲೆವು, ಆದರೂ ಬರೆಯುತ್ತೇವೆ. ಹೆಚ್ಚಿನವರು ನಿಮ್ಮನ್ನು ಬೈದು ಬರೆಯುತ್ತಾರೆ. ನನಗೆ ಬೈಯುವ ಮನಸ್ಸಿಲ್ಲ. ಒಂದು ಹೋಟೆಲಿನಲ್ಲಿ ನಡೆದದ್ದನ್ನು ಹೇಳಬೇಕಾಗಿದೆ.

ನನ್ನ ಹೆಸರು ಮಹಾನಂದಾ ಬಡಿಗೇರ. ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಹುಬ್ಬಳ್ಳಿಯಲ್ಲೇ. ನೀರಗಾಡಿಯ ಕಾರ್ಖಾನೆಯಲ್ಲಿ ನನ್ನ ಕೆಲಸವಿತ್ತು. ಊರಿಂದೂರಿಗೆ ಕುಡಿಯುವ ನೀರು ಸಾಗಿಸುವ ರೈಲಿಗೆ ನಾವು ನೀರಗಾಡಿ ಎನ್ನುತ್ತೇವೆ. ಅದರ ತೊಟ್ಟಿಗಳಿಗೆ ಬೆಸುಗೆ ಹಾಕುವವಳು ನಾನು. ಕಡಲು ಬಂದಾಗ ಘಟ್ಟ ಹತ್ತಿ ಬಂದ ಜನರನ್ನು ನಮ್ಮ ಊರಿನ ಪಡುವಣ ಅಂಚಿನಲ್ಲಿ ಇರಿಸಿದ್ದರು. ಮೊದಲು ಡೇರೆಗಳಿದ್ದವು, ಆಮೇಲೆ ತಗಡಿನ ಮನೆಗಳು, ಆಮೇಲೆ ಓಣಿಗಳು, ಅಂಗಡಿಗಳು. ಆ ಭಾಗಕ್ಕೆ ಕಡಲಕೇರಿ ಎಂಬ ಹೆಸರು ನಿಂತಿತು. ನಾನು ಚಿಕ್ಕವಳಿದ್ದಾಗ ಅಲ್ಲಿ ನೀರು ಸಹ ಕುಡಿಯಬಾರದೆಂದು ಮನೆಯಲ್ಲಿ ಹೇಳುತ್ತಿದ್ದರು. ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದರೆ ಆ ಕೇರಿಯ ಹೋಟೆಲುಗಳ ಹೆಸರುಗಳನ್ನು ನೀವು ಓದಿದ್ದರೆ ಅಂಥ ಮಾತು ಬಾಯಿಗೆ ಬರುತ್ತಿರಲಿಲ್ಲ. ಒಂದೊಂದು ಹೋಟೆಲಿಗೂ ನೀರಿನಡಿ ಹೋದ ಒಂದೊಂದು ಊರಿನ ಹೆಸರಿತ್ತು. ಮಲ್ಪೆ, ಉಳ್ಳಾಲ, ಹೆಜಮಾಡಿ, ತದಡಿ. ಹಲಗೆಯ ಮೇಲೆ ಅಷ್ಟೇ. ವಿಲಾಸ, ಭವನ ಏನೂ ಇಲ್ಲ. ಯಾವ ಊರಿನಿಂದ ಬಂದರೋ ಆ ಊರಿನ ಅಡುಗೆಯನ್ನೇ ಮಾಡುತ್ತಿದ್ದರು. "ಮಧ್ಯಾಹ್ನ ಮಲ್ಪೆಗೆ ಹೋಗಿದ್ದೆ" ಎಂದು ಜನ ಸಹಜವಾಗಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತಿತ್ತು.

ಕಾರ್ಖಾನೆಯಲ್ಲಿ ನಾವು ನಾಲ್ವರು ಸ್ನೇಹಿತರು. ನಾನು, ಬಣ್ಣದ ವಿಭಾಗದ ದಿಲ್‌ಶಾದ ನದಾಫ, ಲೆಕ್ಕದ ಮೇಜಿನ ರಾಚಯ್ಯ ಹಿರೇಮಠ, ನನ್ನ ಪಕ್ಕದಲ್ಲೇ ಬೆಸುಗೆ ಹಾಕುತ್ತಿದ್ದ ವಾಮನ ಖಾರ್ವಿ. ವಾಮನ ಕಡಲಕೇರಿಯವನು. ಆರು ವರ್ಷದವನಿದ್ದಾಗ ಘಟ್ಟ ಹತ್ತಿ ಬಂದು, ಅನಾಥಾಲಯದಲ್ಲಿ ಬೆಳೆದು, ಮಾತಿನಲ್ಲಿ ನಮ್ಮವನೇ ಆಗಿಹೋಗಿದ್ದ. ಪ್ರತಿ ರಜೆಯ ದಿನ ಕಡಲಕೇರಿಯ ಒಂದು ಹೊಸ ಹೋಟೆಲಿನಲ್ಲಿ ಉಣ್ಣುವುದೆಂದು ನಾವು ಗೊತ್ತುಮಾಡಿಕೊಂಡೆವು. ಮೊದಲು ಅದು ಬರೀ ಹುಮ್ಮಸ್ಸು. ಹೆಜಮಾಡಿಯಲ್ಲಿ ಒಣರೊಟ್ಟಿಯ ಮೇಲೆ ಕೋಳಿಸಾರು ಸುರಿದು, ಅದು ಮೆತ್ತಗಾಗುವ ಮೊದಲೇ ತಿನ್ನಬೇಕೆಂದು ಕಲಿತೆವು. ಭಟ್ಕಳದಲ್ಲಿ ದಿಲ್‌ಶಾದ ಬಿರಿಯಾನಿಯ ವಿಷಯಕ್ಕೆ ಅಡುಗೆಯವನೊಡನೆ ವಾದ ಹಾಕಿ, ಸೋತು, ಎರಡು ಸಲ ಬಡಿಸಿಕೊಂಡಳು. ತದಡಿಯ ಚಿಪ್ಪಿನ ಸಾರನ್ನು ಹೇಗೆ ಹೀರಬೇಕೆಂದು ಪಕ್ಕದ ಮೇಜಿನ ಅಜ್ಜಿ ಎದ್ದು ಬಂದು ತೋರಿಸಿದಳು. ಮೀನೆಲ್ಲ ತೊಟ್ಟಿಮೀನು, ಅಂದರೆ ಸಿಮೆಂಟ್ ತೊಟ್ಟಿಯಲ್ಲಿ ಉಪ್ಪುನೀರು ಬೆರೆಸಿ ಸಾಕಿದ್ದು. ಕಡಲಿನ ಮೀನು ತಿನ್ನುವಂತೆ ಉಳಿದಿರಲಿಲ್ಲ. ಆದರೂ ಅಲ್ಲಿ ಅಡುಗೆ ಮಾಡುವ ಮುದುಕಿಯರು ಅದರಲ್ಲೇ ಕಡಲಿನ ರುಚಿ ತರುತ್ತಿದ್ದರಂತೆ. ಹಾಗೆಂದು ಕಡಲನ್ನು ಕಂಡವರು ಹೇಳುತ್ತಿದ್ದರು, ನಾವು ನಂಬುತ್ತಿದ್ದೆವು. ರಾಚಯ್ಯ ಮೀನು ಮಾಂಸ ಮುಟ್ಟದವನು. ನೀರುದೋಸೆ, ಗಂಜಿ, ಕಾಯಿಚಟ್ನಿ ಸಿಕ್ಕರೆ ಅವನಿಗೆ ಸಾಕು. ನಮ್ಮ ಜೊತೆ ಕೂತು ಉಣ್ಣುವುದೇ ಅವನಿಗೆ ಮುಖ್ಯವಾಗಿತ್ತು. ಮುಳ್ಳು ಬಿಡಿಸುವುದನ್ನು ನನಗೆ ಕಲಿಸಿದವನು ವಾಮನ. ಒಂದು ಓಣಿಯನ್ನು ಮಾತ್ರ ಅವನು ತಪ್ಪಿಸಿ ಸುತ್ತುಬಳಸಿ ಹೋಗುತ್ತಿದ್ದ. ಅಲ್ಲಿ ಕೆಸರು ಎನ್ನುತ್ತಿದ್ದ. ನಾವು ಹೆಚ್ಚು ಯೋಚಿಸಲಿಲ್ಲ.

ಉಪ್ಪುಶಕ ಇಪ್ಪತ್ತೆರಡರ ಒಂದು ರಜೆಯ ದಿನ ದಿಲ್‌ಶಾದ ಆ ಓಣಿಯ ಬಾಯಲ್ಲೇ ನಿಂತುಬಿಟ್ಟಳು. "ಈ ಓಣ್ಯಾಗ ಒಂದೂ ಹೋಟೆಲ್ ನೋಡಿಲ್ಲಲ್ಲೋ ನಾವು. ಇವತ್ತ ಇಲ್ಲೇ ಹೋಗೂಣು," ಎಂದಳು. ವಾಮನ ನಾಲ್ಕು ಹೆಜ್ಜೆ ಹಿಂದೆ ಉಳಿದ. ನಾವು ಒಳಗೆ ನಡೆದೆವು. ಓಣಿಯ ಕೊನೆಗೆ ಸುಣ್ಣ ಬಳಿದ ಚಿಕ್ಕ ಹೋಟೆಲು. ಹಲಗೆಯ ಮೇಲೆ 'ಗಂಗೊಳ್ಳಿ' ಎಂದು ಬರೆದಿತ್ತು. ವಾಮನನ ಗುರುತಿನ ಚೀಟಿಯ ಮೇಲೆ ಇದ್ದ ಊರು ಅದು. ನಾವು ಸಂತೋಷದಿಂದ ಕೂಗಿದೆವು. ನಿಮ್ಮೂರಿನ ಹೋಟೆಲು ಇದ್ದೂ ನಮ್ಮನ್ನು ಕರೆದುಕೊಂಡು ಬರಲಿಲ್ಲವಲ್ಲ ಎಂದು ಅವನ ಬೆನ್ನಿಗೆ ಗುದ್ದಿದೆವು. ಅವನು ನಕ್ಕಂತೆ ಮಾಡಿ ನಮ್ಮ ಹಿಂದೆ ಒಳಗೆ ಬಂದ.

ಬಡಿಸಲು ಬಂದವನು ಎಪ್ಪತ್ತರ ಹತ್ತಿರದ ಮುದುಕ. ಹೋಟೆಲಿನ ಯಜಮಾನ, ಅಡುಗೆಯವನು ಎಲ್ಲ ಅವನೇ. ಶೇಷ ತಾಂಡೇಲ ಎಂದು ಕೇರಿಯವರು ಕರೆಯುತ್ತಿದ್ದರು. ದೋಣಿಯನ್ನು ನಡೆಸುವ ಮುಖ್ಯಸ್ಥನಿಗೆ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಿದ್ದರು, ದೋಣಿ ಹೋದರೂ ಹೆಸರು ಉಳಿದಿತ್ತು. "ಬನ್ನಿ, ಕೂಕಣಿ. ಗಂಜಿ ಬಿಸಿ ಇತ್ತ್," ಎಂದ. ಕೆಂಪಕ್ಕಿಯ ಗಂಜಿ, ಒಣಸಿಗಡಿಯ ಚಟ್ನಿ, ರಾಚಯ್ಯನಿಗೆ ಮಾವಿನಮಿಡಿ ಉಪ್ಪಿನಕಾಯಿ. ಅಂಥ ಗಂಜಿಯನ್ನು ನಾನು ಆಮೇಲೆ ಎಲ್ಲಿಯೂ ಉಂಡಿಲ್ಲ. ನಾವು ಮೂವರೂ ತಲೆ ಬಗ್ಗಿಸಿ ಉಣ್ಣುತ್ತಿದ್ದೆವು. ವಾಮನನ ಬಟ್ಟಲು ಹಾಗೇ ಇತ್ತು.

ಮುದುಕ ಹತ್ತಿರ ಬಂದು, "ಎಂತ ಮಗಾ, ಉಣ್ಣುದಿಲ್ಯಾ? ಖಾರ ಜಾಸ್ತಿ ಆಯ್ತಾ?" ಎಂದು ಕೇಳಿದ.

ವಾಮನ ಬಟ್ಟಲನ್ನೇ ನೋಡುತ್ತ, "ನಾನ್ ಮೂಕಾಂಬು ಮಗ," ಎಂದ. ಅದು ನಮ್ಮ ಹುಬ್ಬಳ್ಳಿಯ ಮಾತಲ್ಲ. ಅವನ ಬಾಯಿಂದ ಆ ಭಾಷೆಯನ್ನು ನಾನು ಅದೇ ಮೊದಲು ಕೇಳಿದ್ದು.

"ಯಾವ ಮೂಕಾಂಬು?"

"ನೀವ್ ದೋಣಿ ಅಂಚಿಂದ ಕೈ ಬಿಡ್ಸಿದ್ರಲೆ. ಆ ಮೂಕಾಂಬು."

ಮುದುಕ ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲಿಟ್ಟ. ದಿಲ್‌ಶಾದ ನನ್ನ ಮೊಣಕೈ ಹಿಡಿದಳು. ಪಕ್ಕದ ಮೇಜಿನವರೂ ಉಣ್ಣುವುದನ್ನು ನಿಲ್ಲಿಸಿದರು.

"ಒಂದ್ ಮಾತ್ ಕೇಂತೆ," ಎಂದ ವಾಮನ. "ದೋಣೀಲಿ ಜಾಗ ಇದ್ದಿತಾ?"

ಇರಲಿಲ್ಲ ಎಂದು ಮುದುಕ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೆಂದು ಹೇಳಬಲ್ಲವರು ಯಾರೂ ಆ ಹೋಟೆಲಿನಲ್ಲಿ ಇರಲಿಲ್ಲ. ವಾಮನನೂ ಅದನ್ನೇ ನಂಬಲು ಸಿದ್ಧನಾಗಿದ್ದನೆಂದು ಆಮೇಲೆ ಹೇಳಿದ.

"ಇದ್ದಿತ್," ಎಂದ ಮುದುಕ. "ಒಬ್ಬಳಿಗ್ ಜಾಗ ಇದ್ದಿತ್. ಅವಳ್ ಹಿಂದೆ ಇನ್ನೂ ಕೈ ಬಪ್ಪುದ್ ಕಂಡೆ. ಹೆದ್ರಿದೆ."

ವಾಮನ ಎದ್ದು ಹೊರಗೆ ಹೋದ. ನಾವು ಅವನ ಹಿಂದೆ ಓಡಿದೆವು. ಅಷ್ಟರಲ್ಲಿ ಬಿಸಿಲುಬಿಡುವಿನ ಕೊಂಬು ಕೂಗಿತು. ನಡುಮಧ್ಯಾಹ್ನ ಬಯಲಿನಲ್ಲಿ ನಡೆದರೆ ಜೀವಕ್ಕೆ ಅಪಾಯ; ಕೊಂಬು ಕೂಗಿದ ಮೇಲೆ ಎಲ್ಲರೂ ಹತ್ತಿರದ ನೆರಳುಮನೆ ಸೇರಬೇಕು, ಇದು ನಮ್ಮ ಕಾಲದ ಕಾನೂನು. ಓಣಿಯ ತುದಿಯ ನೆರಳುಮನೆಯಲ್ಲಿ ಗೋಡೆಗೆ ಒರಗಿ ಕೂತು ಅವನು ಎಲ್ಲವನ್ನೂ ಹೇಳಿದ. ಅಂದು ಬೆಳಿಗ್ಗೆ ಹೊಳೆಗೂ ಕಡಲಿಗೂ ನಡುವಿನ ಮರಳದಿಬ್ಬ ಒಡೆದು ನೀರು ಕೇರಿಗೆ ನುಗ್ಗಿತಂತೆ. ತಾಯಿ ಅವನನ್ನು ಎತ್ತಿ ದೋಣಿಯೊಳಗೆ ಹಾಕಿದಳು. ತಾನೂ ಹತ್ತಲೆಂದು ಅಂಚು ಹಿಡಿದಳು. ತಾಂಡೇಲ ಹುಟ್ಟುಗೋಲಿನಿಂದ ಆ ಕೈಯನ್ನು ಬಿಡಿಸಿ ದೋಣಿ ತಳ್ಳಿದ. ಆ ತಾಂಡೇಲನ ಹೋಟೆಲು ಈ ಓಣಿಯಲ್ಲಿದೆಯೆಂದು ತಿಳಿದೇ ಅವನು ಇಷ್ಟು ದಿನ ಇತ್ತ ಬರುತ್ತಿರಲಿಲ್ಲ. "ಆ ಕೈ ಅಷ್ಟ ನೆನಪೈತಿ ನನಗ," ಎಂದ ವಾಮನ, ಮತ್ತೆ ನಮ್ಮ ಮಾತಿಗೆ ಮರಳಿ.

ಮುಂದಿನ ರಜೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ಇರುತ್ತಿದ್ದ. ಬೆಸುಗೆಯ ಕಿಡಿ ಬಿಟ್ಟರೆ ಅವನ ಕಡೆಯಿಂದ ಬೇರೆ ಸದ್ದಿರಲಿಲ್ಲ. ನಾವು ಮೂವರು ಉಳ್ಳಾಲಕ್ಕೆ ಹೋದೆವು. ಎಲೆಯ ಮುಂದೆ ಕೂತರೂ ಕೈ ಏಳಲಿಲ್ಲ.

"ಅಂಥಾವನ ಕೈಲೆ ಉಂಡ್ವೆಲ್ಲಾ ನಾವು," ಎಂದು ರಾಚಯ್ಯ ಹಲ್ಲು ಕಡಿದ.

"ಜಾಗಾ ಇದ್ದಿದ್ದಿಲ್ಲ ಅಂದಿದ್ರ ಯಾರ ಕೇಳ್ತಿದ್ರು ಅಯ್ಯಾರ? ಆದ್ರೂ ಅಂವಾ ಖರೇನ ಹೇಳಿದಾ," ಎಂದಳು ದಿಲ್‌ಶಾದ.

"ಖರೇ ಹೇಳಿದ್ರ ಸತ್ತಾಕಿ ತಿರುಗಿ ಬರತಾಳೇನು?"

ಅವರಿಬ್ಬರೂ ಅಲ್ಲಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟರು. ನಮ್ಮ ಗೆಳೆತನವೇ ಅಲ್ಲಿಗೆ ಮುರಿಯಿತೆಂದು ನಾನು ತಿಳಿದೆ.

ಮಳೆಯ ತಿಂಗಳು ಹತ್ತಿರವಾದಾಗ ಒಂದು ದಿನ ವಾಮನ ಬೆಸುಗೆಯ ಮುಸುಕು ತೆಗೆದು ನನ್ನ ಕಡೆ ತಿರುಗಿದ. "ಈ ರಜಾಕ್ಕ ನಾ ಬರ್ತೀನಿ. ಆದ್ರ ಗಂಗೊಳ್ಳಿಗೇ ಹೋಗ್ಬೇಕು," ಎಂದ. ನಾನು ಗಾಬರಿಯಾಗಿ, "ಯಾಕೋ? ಜಗಳಾ ಮಾಡಬ್ಯಾಡಪಾ," ಎಂದೆ. ಅವನು ತಲೆಯಾಡಿಸಿದ. "ನಮ್ಮವ್ವನ ಮಾರಿ ನನಗ ನೆನಪಿಲ್ಲ ಮಾನಂದಾ. ಆಕಿನ್ನ ನೋಡಿದಾವ್ರು ಯಾರ ಉಳದಾರ ಹೇಳು? ಅಂವಾ ಒಬ್ಬನ."

ನಾವು ನಾಲ್ವರೂ ಹೋದೆವು. ರಾಚಯ್ಯನೂ ಬಂದ, ಬಾಗಿಲಲ್ಲಿ ಸ್ವಲ್ಪ ತಡೆದು, ಆಮೇಲೆ ಒಳಗೆ ಬಂದು ವಾಮನನ ಪಕ್ಕ ಕೂತ. ಮುದುಕ ನಮ್ಮನ್ನು ನೋಡಿ ನಿಂತಲ್ಲೇ ನಿಂತ. ವಾಮನ ಗಂಜಿ ಕೇಳಿದ. ಮುದುಕ ತಂದಿಟ್ಟ. ವಾಮನ ಒಂದು ತುತ್ತು ಉಂಡು, ತಲೆಯೆತ್ತದೆ ಕೇಳಿದ: "ಅಬ್ಬಿ ಕಾಂಬುಕೆ ಹ್ಯಾಂಗಿದ್ಲ್?"

ತಾಯಿಗೆ ಅವರು ಅಬ್ಬಿ ಎನ್ನುತ್ತಾರೆ. "ಕಪ್ಪ್. ಉದ್ದ ಹೆಂಗ್ಸ್. ತಲಿ ಮೇಲ್ ಮೀನ್ ಹೆಡಗಿ ಇದ್ರೂ ಗಾಳಿ ಹಾಂಗೆ ನಡಿತಿದ್ಲ್," ಎಂದ ಮುದುಕ. ವಾಮನ ಇನ್ನೊಂದು ತುತ್ತು ಉಂಡ. ಮುದುಕ ಮತ್ತೆ ಹೇಳಿದ. ಮೂಕಾಂಬು ಬಂದರಿನಲ್ಲಿ ಮೀನಿನ ದರಕ್ಕೆ ಅವನೊಡನೆ ದಿನಾ ಜಗಳವಾಡುತ್ತಿದ್ದಳಂತೆ. ಗೆದ್ದ ದಿನ ಬಂದರಿನ ಕೊನೆಯವರೆಗೂ ಕೇಳುವಂತೆ ನಗುತ್ತಿದ್ದಳಂತೆ. ಎಡಗೆನ್ನೆಯ ಮೇಲೆ ಬಿಸಿ ಎಣ್ಣೆ ಸಿಡಿದ ಕಲೆ ಇತ್ತಂತೆ. ವಾಮನ ತನ್ನ ಎಡಗೆನ್ನೆಯನ್ನು ಮುಟ್ಟಿಕೊಂಡ. ಬಟ್ಟಲು ಬರಿದಾಗುವವರೆಗೆ ಉಂಡ. ನಾವು ಮೂವರೂ ಉಂಡೆವು.

ಅಂದಿನಿಂದ ನಮ್ಮ ಹೊಸ ಹೋಟೆಲುಗಳ ಹುಡುಕಾಟ ನಿಂತಿತು. ಪ್ರತಿ ರಜೆಗೂ ಗಂಗೊಳ್ಳಿಗೇ ಹೋಗುತ್ತಿದ್ದೆವು. ಪ್ರತಿ ಸಲವೂ ಮುದುಕ ಅವಳ ಒಂದು ಮಾತು, ಒಂದು ಸಿಟ್ಟು, ಉಟ್ಟಿದ್ದ ಒಂದು ಸೀರೆಯನ್ನು ನೆನಪಿನಿಂದ ತೆಗೆದು ಕೊಡುತ್ತಿದ್ದ. ಕೆಲವು ವಾರ ಅವನಿಗೆ ಏನೂ ನೆನಪಾಗುತ್ತಿರಲಿಲ್ಲ, ಆಗ ಸುಮ್ಮನೆ ಬಡಿಸುತ್ತಿದ್ದ. ಸುಳ್ಳು ಹೊಸೆದು ಹೇಳಲಿಲ್ಲ. ಕ್ಷಮಿಸಿದೆ ಎಂದು ವಾಮನ ಒಮ್ಮೆಯೂ ಹೇಳಲಿಲ್ಲ, ಮುದುಕನೂ ಕೇಳಲಿಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು. ಶೇಷ ತಾಂಡೇಲ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ವಾಮನನನ್ನು ಕೇರಿಯವರು ಕರೆದರು. ಅವನು ಕೊಡಲಿಲ್ಲ. ಆದರೆ ಸುಡುಗಾಡಿನವರೆಗೆ ಹಿಂದೆ ನಡೆದ, ಬೆಂಕಿ ಆರುವವರೆಗೆ ನಿಂತ. ನಾವೂ ಅವನ ಜೊತೆ ನಿಂತೆವು. ಅದಕ್ಕಿಂತ ಹೆಚ್ಚು ಯಾರೂ ಯಾರನ್ನೂ ಕೇಳಬಾರದೆಂದು ಆ ದಿನ ನನಗೆ ತೋರಿತು. ಇಂದಿಗೂ ಹಾಗೇ ತೋರುತ್ತದೆ.

ಹಿರಿಯರೇ, ನೀವಿರುವ ಕಾಲದಲ್ಲಿ ಗಂಗೊಳ್ಳಿ ನೆಲದ ಮೇಲೆಯೇ ಇದೆ. ಮಲ್ಪೆ ಇದೆ, ತದಡಿ ಇದೆ. ಅಲ್ಲಿಯ ಚಿಕ್ಕ ಹೋಟೆಲುಗಳಲ್ಲಿ ಇನ್ನೂ ಗಂಜಿ ಬೇಯುತ್ತಿದೆ. ನಿಮ್ಮ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಕೂತು ಉಣ್ಣಿ. ಅವಸರ ಮಾಡಬೇಡಿ. ಬಂದರಿನಲ್ಲಿ ದರಕ್ಕೆ ಜಗಳವಾಡುವ ಹೆಂಗಸರನ್ನು ಕಣ್ತುಂಬ ನೋಡಿ, ಅವರ ಹೆಸರು ಕೇಳಿ, ಮರೆಯಬೇಡಿ. ನೀರು ಏರುವುದನ್ನು ತಡೆಯಲು ನಿಮ್ಮಿಂದ ಆಗುತ್ತದೋ ಇಲ್ಲವೋ ನಾನರಿಯೆ. ಆದರೆ ದೋಣಿ ಬಿಡುವ ಬೆಳಗು ನಿಮ್ಮ ಪಾಲಿಗೆ ಬಂದರೆ, ಹೆದರಿಕೆ ಎಷ್ಟೇ ಇರಲಿ, ತಳ್ಳುವ ಮೊದಲು ಇನ್ನೊಬ್ಬರು ಕೂರಬಹುದೇ ಎಂದು ಒಮ್ಮೆ ತಿರುಗಿ ನೋಡಿ.

ನಿಮ್ಮ ಮುಂದಿನವಳು,
ಮಹಾನಂದಾ ಬಡಿಗೇರ